ಹಳೆಯ ಲೇತ್ ಅನ್ನು ಪಿಕಪ್‌ನಲ್ಲಿ ಮಡಿಕೇರಿಗೆ ತರುವುದು

ಪ್ರಶ್ನೆ: ಮೈಸೂರಿನಲ್ಲಿ ಆರಡಿ ಬೆಡ್‌ನ (ಉದ್ದನೆಯ ತಳಹಾಸಿನ) ಹಳೆಯ ಲೇತ್ (ಲೋಹ ಕಡೆಯುವ ಯಂತ್ರ) ಕೊಂಡಿದ್ದೇನೆ. ತೂಕ ಒಂದು ಟನ್ ಆಸುಪಾಸು ಎಂದು ಮಾರಿದವರು ಹೇಳುತ್ತಾರೆ. ಮಡಿಕೇರಿ ಹತ್ತಿರದ ನಮ್ಮ ತೋಟಕ್ಕೆ ಪಿಕಪ್‌ನಲ್ಲಿ ತರಬಹುದೇ? ಇಳಿಸಲು ನಮ್ಮಲ್ಲಿ ಕ್ರೇನ್ ಇಲ್ಲ.

ಉತ್ತರ: ತರಬಹುದು, ಆದರೆ ಆ ‘ಆಸುಪಾಸು’ ನಂಬಬೇಡಿ. ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕವೂ ಖಾಲಿ ತೂಕವೂ ಇರುತ್ತದೆ. ಒಂದರಲ್ಲಿ ಇನ್ನೊಂದು ಕಳೆದರೆ ಉಳಿಯುವುದೇ ಹೊರಬಹುದಾದ ಭಾರ. ಜೊತೆಗೆ ಬರುವ ಜನವೂ ಅದರಲ್ಲೇ ಸೇರಬೇಕು. ಹೇರಿದ ಮೇಲೆ ವೇಬ್ರಿಡ್ಜ್‌ನಲ್ಲಿ ತೂಗಿಸಿಯೇ ಹೊರಡಿ. ಓವರ್‌ಲೋಡ್ ದಂಡ 20,000 ರೂಪಾಯಿಯಿಂದ ಶುರು. ಇಳಿಜಾರಿನಲ್ಲಿ ಬ್ರೇಕ್ ಸೋತರೆ ಅದಕ್ಕಿಂತ ಕೇಡು.

ಲೇತ್ ಉರುಳುವುದು ಅದರ ನಿಲುವಿನಿಂದ. ಕಾಲಿನ ಅಗಲ ಒಂದೂವರೆ ಅಡಿ ಇದ್ದು, ಭಾರದ ಕೇಂದ್ರ ಎರಡೂವರೆ ಅಡಿ ಎತ್ತರದಲ್ಲಿದ್ದರೆ, ತೂಕದ ಮೂರರಲ್ಲೊಂದು ಪಾಲು ಪಕ್ಕದ ಎಳೆತ ಸಾಕು, ವಾಲುತ್ತದೆ. ಸುಂಟಿಕೊಪ್ಪ ದಾಟಿದ ಮೇಲಿನ ತಿರುವುಗಳಲ್ಲಿ ಎದುರು ಬಂದ ಬಸ್ಸಿಗೆ ಗಕ್ಕನೆ ಸ್ಟೇರಿಂಗ್ ಎಳೆದರೆ ಅಷ್ಟು ಬಂದೇಬಿಡುತ್ತದೆ. ಅದಕ್ಕೇ ನಾಲ್ಕಡಿ ಉದ್ದದ, ನಾಲ್ಕು ಇಂಚು ದಪ್ಪದ ಎರಡು ಮರದ ತುಂಡುಗಳನ್ನು ಕಾಲುಗಳ ಕೆಳಗೆ ಅಡ್ಡಲಾಗಿ ಇಟ್ಟು, ಬೋಲ್ಟ್ ತೂತುಗಳ ಮೂಲಕವೇ ಬಿಗಿಯಿರಿ. ಆಗ ವಾಲಿಸಲು ದುಪ್ಪಟ್ಟಿಗಿಂತ ಹೆಚ್ಚು ಎಳೆತ ಬೇಕು. ತೋಟದಲ್ಲಿದೆ ಎಂದು ಸಿಲ್ವರ್ ಓಕ್ ಹಾಕಬೇಡಿ, ಅದು ಮೆದು. ಮತ್ತಿಯಂಥ ಗಟ್ಟಿ ಮರವೇ ಆಗಬೇಕು.

ಎತ್ತುವ ಮೊದಲು ಚಕ್ (ಕಡೆಯುವ ತುಂಡನ್ನು ಹಿಡಿಯುವ ಭಾಗ) ಮತ್ತು ಮೋಟಾರ್ ಬಿಚ್ಚಿ. ಚಕ್ ಕೂರುವ ತುದಿ, ಅಂದರೆ ಹೆಡ್‌ಸ್ಟಾಕ್ ಕಡೆ ಭಾರ ಜಾಸ್ತಿ, ಆದ್ದರಿಂದ ಬೆಡ್ ಮೇಲೆ ಜಾರುವ ಕ್ಯಾರೇಜ್, ಟೇಲ್‌ಸ್ಟಾಕ್ ಎರಡನ್ನೂ ಇನ್ನೊಂದು ತುದಿಗೆ ಸರಿಸಿ ಲಾಕ್ ಮಾಡಿ. ಎತ್ತುವ ಬೆಲ್ಟನ್ನು ಬೆಡ್‌ಗೆ ಮಾತ್ರ ಸುತ್ತಿ. ಬೆಡ್ ಪಕ್ಕದ ಉದ್ದ ತಿರುಪು ಸರಳು, ಅಂದರೆ ಲೀಡ್‌ಸ್ಕ್ರೂಗೆ ಒತ್ತಿ ಅದು ಬಾಗಿದರೆ ಮುಂದೆ ಥ್ರೆಡ್ ಸರಿಯಾಗಿ ಬೀಳುವುದಿಲ್ಲ. ನಡುವೆ ಮರದ ತುಂಡು ಕೊಡಿ.

ಗಾಡಿಯಲ್ಲಿ ಹೆಡ್‌ಸ್ಟಾಕ್ ಕ್ಯಾಬಿನ್ ಕಡೆಗಿರಲಿ, ಒಟ್ಟು ಭಾರ ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಬೀಳಲಿ. ಹಿಂದಕ್ಕೆ ಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಮರದ ಕೆಳಗೆ ರಬ್ಬರ್ ಶೀಟ್ ಹಾಸಿ. ಒದ್ದೆ ತಗಡಿನ ಮೇಲೆ ಮರ ಜಾರುತ್ತದೆ.

ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. 2 ಇಂಚಿನ ರ‍್ಯಾಚೆಟ್ ಬೆಲ್ಟ್ ಆರು ತನ್ನಿ. ‘5 ಟನ್’ ಎಂದು ಬರೆದಿದ್ದರೂ ಸಾಮಾನ್ಯವಾಗಿ ಅದು ಸುತ್ತಿ ಕಟ್ಟಿದಾಗಿನ ಲೆಕ್ಕ, ನೇರ ಎಳೆತಕ್ಕೆ ಅರ್ಧ. ಕಟ್ಟು ಮುಂದಕ್ಕೆ ತೂಕದ ಶೇ 80, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ 50ರಷ್ಟು ಎಳೆತ ತಡೆಯಬೇಕು. ಬೆಡ್‌ನಿಂದ ನಾಲ್ಕು ಮೂಲೆಗೂ ಒಂದೊಂದು, ಉಳಿದೆರಡು ಬೆಡ್‌ನ ಮೇಲಿಂದ ಅಡ್ಡಕ್ಕೆ. ಪಕ್ಕದ ಬಾಗಿಲ ಕೊಕ್ಕೆಗಳು ಟಾರ್ಪಾಲ್ ಕಟ್ಟಲು ಇರುವಂಥವು. ಬೆಲ್ಟನ್ನು ಚಾಸಿಗೇ ಹಾಕಿ. ಚೂಪು ಅಂಚಿರುವಲ್ಲಿ ಗೋಣಿಚೀಲ ಮಡಿಸಿಡಿ. ಹತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿಯಿರಿ, ಹುಣಸೂರಿನಲ್ಲಿ ಮತ್ತೆ, ಕುಶಾಲನಗರದಲ್ಲಿ ಏರು ಹಿಡಿಯುವ ಮುನ್ನ ತಪ್ಪದೆ.

ಇಳಿಸಲು, ಗಾಡಿಯ ಎತ್ತರಕ್ಕೆ ಸಮನಾದ ಗಟ್ಟಿ ಬರೆ (ಮಣ್ಣಿನ ದಿಬ್ಬದ ಅಂಚು) ಇದ್ದರೆ ಹಿಂಬದಿಯನ್ನು ಅದಕ್ಕೆ ಕೊಡಿ. ನಡುವೆ ದಪ್ಪ ಹಲಗೆ ಹಾಕಿ, ಮರದ ತುಂಡುಗಳ ಅಡಿಗೆ ಉದ್ದಕ್ಕೆ ಎರಡು ಹಲಗೆ ಬಡಿದು, ಒಂದೂವರೆ ಇಂಚಿನ ಜಿಐ ಪೈಪುಗಳ ಮೇಲೆ ಉರುಳಿಸಿ. ಮಳೆಗೆ ನೆನೆದ ಬರೆ ಬೇಡ, ಕುಸಿಯುತ್ತದೆ. ಹಲಗೆಯ ಮೇಲೆ ಇಳಿಸುವುದಾದರೆ ಎರಡೂವರೆ ಅಡಿ ಎತ್ತರಕ್ಕೆ ಹತ್ತಡಿ ಉದ್ದ ಬೇಕು. ಆಗಲೂ ಒಂದು ಟನ್ ಸುಮಾರು 250 ಕೆಜಿಯಷ್ಟು ಕೆಳಕ್ಕೆ ಎಳೆಯುತ್ತದೆ. ಅದನ್ನು ಆಳುಗಳ ಕೈಗೆ ಬಿಡಬೇಡಿ. ಚೈನ್ ಬ್ಲಾಕನ್ನು (ಸರಪಳಿ ರಾಟೆ) ಗಾಡಿಯ ಮುಂದಿರುವ ದಪ್ಪ ಮರದ ಬುಡಕ್ಕೆ ಕಟ್ಟಿ, ಕೊಂಡಿ ಕೊಂಡಿಯಾಗಿ ಸಡಿಲಿಸಿ. ಇಳಿಜಾರಿನ ಕೆಳಗೆ ಯಾರೂ ನಿಲ್ಲಕೂಡದು.

ಪ್ರಶ್ನೆ: ಪಿಲ್ಲರ್ ಡ್ರಿಲ್ಲಿಂಗ್ ಮಷೀನನ್ನು ಮಲಗಿಸಿ ತರಬಹುದೇ?

ಉತ್ತರ: ಮಲಗಿಸಿಯೇ ತನ್ನಿ, ತಲೆಭಾರದ ಯಂತ್ರ ಅದು. ಮೋಟಾರ್ ಬಿಚ್ಚಿ, ಟೇಬಲ್ಲನ್ನು ಪೂರ್ತಿ ಕೆಳಗಿಳಿಸಿ ಲಾಕ್ ಮಾಡಿ. ಕಂಬದ ಎರಡು ಕಡೆ ಮರದ ತುಂಡು ಕೊಟ್ಟು, ಹ್ಯಾಂಡಲ್ ಮೇಲೆ ಭಾರ ಬೀಳದಂತೆ ಮಲಗಿಸಿ. ಗೇರ್ ಹೆಡ್ ಇದ್ದರೆ ಮೊದಲು ಆಯಿಲ್ ಬಸಿದುಬಿಡಿ.