ತಮ್ಮ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬರುತ್ತಿದ್ದಾನೆ, ನಾವೇನು ಮಾಡಬೇಕು?

ಬ್ರೌನ್ ಶುಗರ್ ಎಂಬ ಹೆರಾಯಿನ್ ನಶೆ ಬಿಟ್ಟ ತಮ್ಮ ಮುಂದಿನ ವಾರ ಪುಣೆಯ ಕೇಂದ್ರದಿಂದ ಅಂಧೇರಿಯ ಮನೆಗೆ ಬರುತ್ತಾನೆ, ಹೋಟೆಲಿನ ಗಲ್ಲಾದಲ್ಲಿ ಕೂರಿಸೋಣವೋ ಊರಿಗೆ ಕಳಿಸೋಣವೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಗಲ್ಲಾದಲ್ಲಿ ದಿನವಿಡೀ ನಗದು ಕೈಗೆ ಸಿಗುತ್ತದೆ, ಹಳೇ ಸ್ನೇಹಿತರೂ ಚಹಾದ ನೆಪದಲ್ಲಿ ಬಂದು ನಿಲ್ಲುತ್ತಾರೆ. ಊರಿಗೆ ಹೋದರೆ ಕೌನ್ಸೆಲರ್, ಡಾಕ್ಟರ್ ಎಲ್ಲರ ಕೊಂಡಿಯೂ ಕಳಚುತ್ತದೆ. ಸಾಮಾನಿನ ಲೆಕ್ಕವೋ ತರಕಾರಿ ತರುವುದೋ, ದಿನಕ್ಕೆ ನಾಲ್ಕು ಗಂಟೆಯ ಕೆಲಸ ಕೊಡಿ. ಹಣ ಯಾರ ಕೈಯಲ್ಲಿರಬೇಕು ಎಂಬುದನ್ನು ಅವನನ್ನೇ ಕೂರಿಸಿಕೊಂಡು ಮಾತಾಡಿ ಗೊತ್ತುಮಾಡಿ.

ಸಂಜೆ ನಾರ್ಕೋಟಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗಲಿ; ನಶೆ ಬಿಟ್ಟವರು, ಬಿಡುತ್ತಿರುವವರು ಒಟ್ಟಿಗೆ ಕೂತು ಮಾತಾಡುವ ಕೂಟ ಅದು. ಶುಲ್ಕವಿಲ್ಲ. ಮೊದಲ 90 ದಿನ ದಿನಕ್ಕೊಂದು ಮೀಟಿಂಗ್ ಎನ್ನುವುದು ಅಲ್ಲಿನ ರೂಢಿ. "ಇವತ್ತು ಮತ್ತೆ ಬೇಕು ಅನ್ನಿಸಿತು" ಎಂದು ಮನೆಯಲ್ಲಿ ಹೇಳಿದರೆ ಅಮ್ಮ ಅಳುತ್ತಾರೆ, ಅಪ್ಪ ಸಿಡುಕುತ್ತಾರೆ. ಆಮೇಲೆ ಅವನು ಹೇಳುವುದನ್ನೇ ಬಿಡುತ್ತಾನೆ. ಮೀಟಿಂಗಿನಲ್ಲಿ ಆ ಮಾತಿಗೆ ಯಾರೂ ಬೆಚ್ಚುವುದಿಲ್ಲ. ಸ್ವತಃ ಕುಡಿತ ಬಿಟ್ಟ ಫಾದರ್ ಜೋ ಪಿರೇರಾ 1981ರಲ್ಲಿ ಬಾಂದ್ರಾದಲ್ಲಿ ಕೃಪಾ ಫೌಂಡೇಶನ್ ಎಂಬ ವ್ಯಸನಮುಕ್ತಿ ಸಂಸ್ಥೆ ಕಟ್ಟಿದ್ದೂ ಇಂಥ ಒಡನಾಟದ ಬಲದ ಮೇಲೇ.

ಮನೆಗೆ ಬಂದಾಗಲೆಲ್ಲ ಜೇಬು ತಡಕುವುದು, ಬಚ್ಚಲಲ್ಲಿ ಎಷ್ಟು ಹೊತ್ತು ಇದ್ದ ಎಂದು ಎಣಿಸುವುದು ಬೇಡ. ಮೂತ್ರ ಪರೀಕ್ಷೆ ಬೇಕಾದರೆ ಕೇಂದ್ರದವರೇ ಮಾಡಲಿ. ನಶೆಯ ತುಡಿತ ತಗ್ಗಿಸುವ ಬುಪ್ರೆನಾರ್ಫಿನ್ ಎಂಬ ಔಷಧಿಯನ್ನು ಡಾಕ್ಟರು ಬರೆದಿದ್ದರೆ "ಇದೂ ಒಂದು ನಶೆಯೇ" ಎಂದು ಯಾರೂ ನಿಲ್ಲಿಸಬಾರದು. ಬಹಳ ಮನೆಗಳು ಎಡವುವುದು ಇಲ್ಲೇ.

ಇನ್ನೊಂದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಬಿಟ್ಟು ಕೆಲವು ವಾರ ಕಳೆದರೆ ದೇಹಕ್ಕೆ ಹಳೇ ಪ್ರಮಾಣ ತಾಳುವ ಶಕ್ತಿ ಇರುವುದಿಲ್ಲ. ಮೊದಲು ದಿನಾ ಎಳೆಯುತ್ತಿದ್ದಷ್ಟನ್ನೇ ಒಮ್ಮೆ ಎಳೆದರೂ ಉಸಿರು ನಿಲ್ಲಬಹುದು. ಉಸಿರು ನಿಧಾನವಾಗಿ ಗೊರಗುಟ್ಟುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಅಲುಗಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಕರೆಮಾಡಿ, ಮಗ್ಗುಲಾಗಿ ಮಲಗಿಸಿ. ಉಸಿರೇ ಇಲ್ಲದಿದ್ದರೆ ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಫೋನಿನಲ್ಲಿ ಅವರು ಹೇಳಿದಂತೆ ಮಾಡಿ. ಉಪ್ಪುನೀರು ಕುಡಿಸಬೇಡಿ. ಏನು ತೆಗೆದುಕೊಂಡಿದ್ದ ಎಂಬುದನ್ನು ಮುಚ್ಚಿಡದೆ ಹೇಳಿ. ಹೆರಾಯಿನ್ನಿನ ಪರಿಣಾಮ ತಡೆಯುವ ನಲೋಕ್ಸೋನ್ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕರೆ ಉಸಿರು ಮರಳುತ್ತದೆ.

ಮತ್ತೆ ಎಳೆದ ಎಂದು ಗೊತ್ತಾದರೆ ಮನೆಯಿಂದ ಹೊರಗೆ ಹಾಕಬೇಡಿ, ಅದೇ ದಿನ ಕೌನ್ಸೆಲರಿಗೆ ತಿಳಿಸಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ನೀವೂ ಫೋನ್ ಮಾಡಬಹುದು. ಅಮ್ಮನಿಗೂ ಮನೆಯವರಿಗೆಂದೇ ಇರುವ ನಾರ್-ಅನಾನ್ ಮೀಟಿಂಗ್ ಹುಡುಕಿಕೊಡಿ. ಇಷ್ಟು ದಿನ ಅವರ ಮಾತು ಕೇಳಲು ಯಾರೂ ಇರಲಿಲ್ಲ.