ನದಿ ದಂಡೆಯ ದುರ್ಗಮ ಹಾದಿಯಲ್ಲಿ ಜಿಯೋಕ್ಯಾಶ್ ಹುಡುಕುವಾಗ ಜಿಪಿಎಸ್ ಅನ್ನು ಎಷ್ಟು ನಂಬಬಹುದು?

ಜನಸಂಚಾರ ವಿರಳವಾದ, ಬಂಡೆಗಳಿಂದ ಕೂಡಿದ ನದಿ ದಂಡೆಯಲ್ಲಿ ಜಿಯೋಕ್ಯಾಶ್ (ಯಾರೋ ಅಡಗಿಸಿಟ್ಟು, ಇರುವ ಸ್ಥಾನವನ್ನು ಅಂತರ್ಜಾಲದಲ್ಲಿ ಕೊಟ್ಟಿರುವ ಪೆಟ್ಟಿಗೆ) ಹುಡುಕುವಾಗ ಮೊಬೈಲ್ ತೋರಿಸುವ ಜಾಗ ಒಮ್ಮೆ ನೀರಿನ ನಡುವೆ, ಇನ್ನೊಮ್ಮೆ ಆಚೆ ದಡದಲ್ಲಿ ಬೀಳುತ್ತದೆ, ಆಗ ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಹೆಚ್ಚಾಗಿ ಹುಡುಕುವುದು ಇಂಥ ಹಾದಿಗಳಲ್ಲೇ. ಕಣಿವೆಯೊಳಗೆ ಕೊನೆಯ 30 ಮೀಟರ್‌ಗಳನ್ನು ಉಪಕರಣಕ್ಕೆ ಬಿಟ್ಟುಕೊಡದೆ, ನೆಲವನ್ನೂ ನೀರನ್ನೂ ನೋಡಿ ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಪಿಎಸ್ ನಮ್ಮ ಸ್ಥಾನವನ್ನು ಲೆಕ್ಕ ಹಾಕಲು ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ಅವು ಆಕಾಶದ ಬೇರೆ ಬೇರೆ ದಿಕ್ಕುಗಳಲ್ಲಿ ಹರಡಿಕೊಂಡಿದ್ದಷ್ಟೂ ಲೆಕ್ಕ ನಿಖರವಾಗುತ್ತದೆ. ತೆರೆದ ಬಯಲಿನಲ್ಲಿ ಮೊಬೈಲ್ ಸುಮಾರು 5 ಮೀಟರ್ ವ್ಯತ್ಯಾಸದೊಳಗೆ ಸ್ಥಾನ ತೋರಿಸಬಲ್ಲದು. ಆದರೆ ಎರಡೂ ಬದಿಗೆ ಕಡಿದಾದ ಗೋಡೆಗಳಿರುವ ಕಣಿವೆಯಲ್ಲಿ ನದಿಯ ಗುಂಟ ಕಾಣುವ ಆಕಾಶದ ಪಟ್ಟಿಯಲ್ಲಿರುವ ಉಪಗ್ರಹಗಳಷ್ಟೇ ನೇರವಾಗಿ ಸಿಗುತ್ತವೆ. ಉಳಿದವುಗಳ ಸಂಕೇತ ತಡೆಯಲ್ಪಡುತ್ತದೆ ಅಥವಾ ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಇದರ ಪರಿಣಾಮವಾಗಿ ನದಿಯ ಉದ್ದಕ್ಕೆ ಸ್ಥಾನ ಸಾಕಷ್ಟು ಸರಿಯಿದ್ದರೂ ಅಡ್ಡಲಾಗಿ ತಪ್ಪು ಹೆಚ್ಚುತ್ತದೆ, ನಿಮ್ಮ ಗುರುತು ನೀರಿಗೆ ಜಾರುವುದು ಇದರಿಂದಲೇ. ಪೆಟ್ಟಿಗೆ ಇಟ್ಟವರ ಅಳತೆಯೂ ಇದೇ ಗೋಡೆಗಳ ನಡುವೆ ನಡೆದದ್ದೆಂಬುದನ್ನು ಮರೆಯಬಾರದು. 2000ದ ಮೇ 2ರಂದು ಅಮೆರಿಕವು ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಆರೆಗನ್ ರಾಜ್ಯದಲ್ಲಿ ಮೊದಲ ಪೆಟ್ಟಿಗೆಯನ್ನು ಅಡಗಿಸಿಡಲಾಯಿತು. ಈ ಹವ್ಯಾಸ ಹುಟ್ಟಿದ್ದು ಹಾಗೆ. ಆದರೆ ಬಂಡೆಗಳು ಒಡ್ಡುವ ಅಡ್ಡಿಯನ್ನು ಯಾವ ಆದೇಶವೂ ತೆಗೆದುಹಾಕಲಾರದು.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಪೆಟ್ಟಿಗೆ ಯಾವ ದಡದಲ್ಲಿದೆ ಎಂಬುದು. ಮೊಬೈಲ್‌ನಲ್ಲಿ ಪೆಟ್ಟಿಗೆಯತ್ತ ತೋರಿಸುವ ಬಾಣದ ಗುರುತು ನೇರ ದೂರವನ್ನಷ್ಟೇ ಹೇಳುತ್ತದೆ. ನಡುವೆ ನದಿಯಿರುವುದು ಅದಕ್ಕೆ ಗೊತ್ತಿಲ್ಲ. ಅಂತರ್ಜಾಲದಲ್ಲಿ ಪೆಟ್ಟಿಗೆಯ ವಿವರಣೆಯಲ್ಲಿ ಕೊಟ್ಟಿರುವ ವಾಹನ ನಿಲ್ಲಿಸುವ ಜಾಗ, ಹಾದಿಯ ಆರಂಭದ ಗುರುತು ಮತ್ತು ಹಿಂದೆ ಬಂದವರ ಬರಹಗಳನ್ನು ಓದಿದರೆ ಇದು ಬಹುಮಟ್ಟಿಗೆ ತಿಳಿಯುತ್ತದೆ. ಆಮೇಲೆ ಆ ದಡದಲ್ಲೇ ನಡೆಯುತ್ತ, ಕೊಟ್ಟಿರುವ ಬಿಂದುವಿಗೆ ಸರಿಸಮನಾದ ಜಾಗ ತಲುಪಿ, ಅಲ್ಲಿಂದ ನೀರಿಗೆ ಬೆನ್ನು ಮಾಡಿ ಮೇಲಕ್ಕೆ ಹುಡುಕಿರಿ. ಪ್ರವಾಹ ಎಲ್ಲಿಯವರೆಗೆ ಏರಿತ್ತೆಂಬುದನ್ನು ಕೊಂಬೆಗಳಿಗೆ ಸಿಕ್ಕಿಕೊಂಡ ಕಸಕಡ್ಡಿ, ಒಣಹುಲ್ಲುಗಳು ತೋರಿಸುತ್ತವೆ. ಅನುಭವಿಗಳು ಆ ಗೆರೆಗಿಂತ ಮೇಲೆಯೇ ಪೆಟ್ಟಿಗೆ ಇಡುತ್ತಾರೆ. ಬಂಡೆಯ ಸಂದಿಗೆ ಕೈ ಹಾಕುವ ಮೊದಲು ಟಾರ್ಚ್ ಬೆಳಕಿನಲ್ಲಿ ನೋಡಿ, ಕೋಲಿನಿಂದ ತಡವಿ. ಹಾವುಗಳಿಗೂ ಅಂಥ ಸಂದಿಗಳೇ ಇಷ್ಟ.

ಪ್ರತಿ ಪೆಟ್ಟಿಗೆಗೂ ಹುಡುಕುವ ಕಷ್ಟಕ್ಕೊಂದು, ನೆಲದ ಕಷ್ಟಕ್ಕೊಂದು ಎಂದು 1ರಿಂದ 5ರವರೆಗೆ ಅಂಕಗಳಿರುತ್ತವೆ. ನೆಲದ ಅಂಕ 5 ಇದ್ದರೆ ದೋಣಿ, ಹಗ್ಗದಂಥ ವಿಶೇಷ ಸಲಕರಣೆ ಬೇಕೆಂದರ್ಥ. ಆದರೆ ಅಂಕ ಸ್ಥಿರ, ನದಿ ಸ್ಥಿರವಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರನ್ನು ಕೆಡವಬಲ್ಲದು. ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ಮಳೆಯಿಲ್ಲದ ದಿನವೂ ಮಟ್ಟ ಏರಬಹುದು. ಪೆಟ್ಟಿಗೆ ಆಚೆ ದಡದಲ್ಲಿದೆ ಎಂದು ಖಚಿತವಾದರೆ ದಯವಿಟ್ಟು ನೀರಿಗಿಳಿಯಬೇಡಿ, ಸೇತುವೆ ಎಷ್ಟೇ ದೂರವಿದ್ದರೂ ಅದರ ಮೇಲೆಯೇ ಹೋಗಿ.

ನಕ್ಷೆ ಮತ್ತು ಸುಳಿವನ್ನು ಮನೆಯಲ್ಲೇ ಇಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದೆಡೆ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದೆ. ಸಾಮಾನ್ಯವಾಗಿ ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ. ಪೆಟ್ಟಿಗೆಯೊಳಗೆ ಹುಡುಕಿದವರು ಹೆಸರು ಬರೆಯಲೆಂದು ಇಟ್ಟಿರುವ ಪುಸ್ತಕ ತೇವವಾಗಿದ್ದರೆ ಬರೆಯಲು ಪೆನ್ನಿಗಿಂತ ಪೆನ್ಸಿಲ್ ಮೇಲು.

ಪೆಟ್ಟಿಗೆ ಸಿಗದಿದ್ದರೂ ಆ ವಿಷಯವನ್ನು ತಪ್ಪದೆ ದಾಖಲಿಸಿ. ಅಪರೂಪಕ್ಕೆ ಜನ ಬರುವ ಹಾದಿಯಲ್ಲಿ ಪೆಟ್ಟಿಗೆ ಕೊಚ್ಚಿಹೋಗಿರಬಹುದೆಂದು ಇಟ್ಟವರಿಗೆ ತಿಳಿಯುವುದು ಅಂಥ ಬರಹಗಳಿಂದಲೇ. ಸಿಕ್ಕರೆ, ಹಲವು ನಿಮಿಷ ನಿಂತು ತೆಗೆದ ಸರಾಸರಿ ಅಳತೆಯನ್ನು, ಅದು ಪ್ರವಾಹದ ಗೆರೆಗಿಂತ ಮೇಲಿದೆಯೇ ಎಂಬುದರ ಜೊತೆಗೆ ಬರೆಯಿರಿ.