ಪಿಎಚ್‌ಡಿ ನಂತರ ಮೈಲಾಯ್ಡ್ ಕೋಶಗಳು ಹಾಗೂ ಗಡ್ಡೆಯ ಇಮ್ಯುನಾಲಜಿಯಲ್ಲಿ ಪೋಸ್ಟ್‌ಡಾಕ್ ಅವಕಾಶಗಳು ಎಲ್ಲಿವೆ?

ಇಮ್ಯುನಾಲಜಿಯಲ್ಲಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನದಲ್ಲಿ, ಪಿಎಚ್‌ಡಿ ಮುಗಿಸುತ್ತಿರುವ ನಿಮ್ಮ ತಂಗಿ, ಶಿರಸಿಯ ಮನೆಗೆ ತೀರಾ ದೂರವಾಗದ ಕಡೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಆಗಿ ಈ ಸಂಶೋಧನೆ ಮುಂದುವರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಮುಂದುವರಿಸಬಹುದು.

ಗಡ್ಡೆಯೊಳಗೆ ಸೇರಿಕೊಳ್ಳುವ ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್‌ಗಳಂಥ ಮೈಲಾಯ್ಡ್ ಕೋಶಗಳು (ರೋಗನಿರೋಧಕ ಕೋಶಗಳ ಒಂದು ಗುಂಪು) ಕ್ಯಾನ್ಸರನ್ನು ಕೊಲ್ಲಬೇಕಾದ ಟಿ ಕೋಶಗಳನ್ನೇ ಅನೇಕ ಸಲ ಹತ್ತಿಕ್ಕಿಬಿಡುತ್ತವೆ. 2018ರ ನೊಬೆಲ್‌ಗೆ ಪಾತ್ರವಾದ ಸಂಶೋಧನೆಯಿಂದ ಬೆಳೆದ, ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ಚೆಕ್‌ಪಾಯಿಂಟ್ ಚಿಕಿತ್ಸೆಯು ಹಲವು ರೋಗಿಗಳಲ್ಲಿ ಫಲಿಸದಿರುವುದಕ್ಕೆ ಇದೂ ಒಂದು ಕಾರಣವಾದ್ದರಿಂದ, ಈ ಕ್ಷೇತ್ರಕ್ಕೆ ಒಳ್ಳೆಯ ಸಂಶೋಧಕರು ನಿಜವಾಗಿಯೂ ಬೇಕಾಗಿದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಎರಡನ್ನೂ ವಿಚಾರಿಸಲಿ. ಆದರೆ ರೋಗಿಗಳ ಗಡ್ಡೆಯ ಮಾದರಿಗಳ ಮೇಲೆ ಕೆಲಸ ಮಾಡುವ ಆಸಕ್ತಿಯಿದ್ದರೆ, ಟಾಟಾ ಸ್ಮಾರಕ ಕೇಂದ್ರದ ಭಾಗವಾದ, ನವಿ ಮುಂಬೈನ ಖಾರ್ಘರ್‌ನಲ್ಲಿರುವ ಕ್ಯಾನ್ಸರ್ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಅನ್ನು ನಾನು ಮೊದಲು ಸೂಚಿಸುತ್ತೇನೆ. ಕುಮಟಾ ಅಥವಾ ಕಾರವಾರದಲ್ಲಿ ಕೊಂಕಣ ರೈಲು ಹತ್ತಿದರೆ ಪನ್ವೇಲ್‌ನಲ್ಲಿ ಇಳಿದು ಅಲ್ಲಿಗೆ ಸುಲಭವಾಗಿ ತಲುಪಬಹುದು.

ವೇತನಕ್ಕೆ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ರಿಸರ್ಚ್ ಅಸೋಸಿಯೇಟ್‌ಶಿಪ್, ರಾಷ್ಟ್ರೀಯ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಬಹುದು. ಅವುಗಳ ಪ್ರಕಟಣೆಗಾಗಿ ಕಾಯದೆ, ಈಗಲೇ ಪ್ರಯೋಗಾಲಯದ ಮುಖ್ಯಸ್ಥರ ಇತ್ತೀಚಿನ ಪ್ರಬಂಧಗಳನ್ನು ಓದಿ, ತಾನು ಕೇಳಬಯಸುವ ಒಂದು ಸ್ಪಷ್ಟ ಪ್ರಶ್ನೆಯನ್ನೂ ಫ್ಲೋ ಸೈಟೋಮೆಟ್ರಿಯಂಥ (ಲೇಸರ್‌ನಿಂದ ಕೋಶಗಳನ್ನು ಗುರುತಿಸಿ ಎಣಿಸುವ ವಿಧಾನ) ತನ್ನ ಕೌಶಲಗಳನ್ನೂ ವಿವರಿಸಿ ಅವರಿಗೆ ನೇರವಾಗಿ ಪತ್ರ ಬರೆಯಲಿ.